ಬಣ್ಣ ಮಾಸಿದ ಗಾಡಿಯ ಜೀರ್ಣೋದ್ಧಾರ

ಭಟ್ಕಳದ ಪೇಟೆಯಿಂದ ಪಶ್ಚಿಮಕ್ಕೆ, ಸಮುದ್ರದ ಮಗ್ಗುಲಲ್ಲಿ, ಜಾಲಿ ಎಂಬ ನಮ್ಮ ಊರಿರುವದು. ಅಲ್ಲಿ ನಮ್ಮ ಮನೆಯ ಹಿತ್ತಿಲಿನಲ್ಲಿ, ಮೊದಲು ದನಗಳನ್ನು ಕಟ್ಟುತ್ತಿದ್ದ ಕೊಟ್ಟಿಗೆಯೊಳಗೆ, ಒಂದು ಮೋಟಾರು ಗಾಡಿಯು ೨೦೧೯ರಿಂದ ಐದು ವರ್ಷಗಳವರೆಗೆ ಅಲುಗದೆ ನಿಂತಿದ್ದಿತು. ಅದು ೧೯೭೯ರಲ್ಲಿ ತಯಾರಾದ ಪ್ರೀಮಿಯರ್ ಪದ್ಮಿನಿ. ಒಮ್ಮೆ ಕಡುನೀಲಿಯಾಗಿದ್ದ ಅದರ ಮೈಬಣ್ಣವು ಬೂದಿ ಬಳಿದಂತೆ ಮಾಸಿಹೋಗಿತ್ತು; ಬೆರಳಿಟ್ಟರೆ ಬೆರಳಿಗೆ ಹುಡಿ ಹತ್ತುತ್ತಿತ್ತು. ೨೦೨೪ರಲ್ಲಿ ನಾನು ಅಧ್ಯಾಪಕ ವೃತ್ತಿಯಿಂದ ನಿವೃತ್ತನಾದೆನು. ಆ ವರ್ಷದ ನವರಾತ್ರಿಗೆಂದು ಬೆಂಗಳೂರಿನಿಂದ ಬಂದ ನನ್ನ ಮಗನು ಕೊಟ್ಟಿಗೆಯನ್ನು ನೋಡಿ, “ಅಪ್ಪಯ್ಯಾ, ಇದನ್ನಿನ್ನು ಗುಜರಿಗೆ ಕೊಟ್ಟುಬಿಡೋಣ, ಜಾಗವಾದರೂ ಸ್ವಚ್ಛವಾದೀತು” ಎಂದನು. ಗುಜರಿಯವನೂ ಬಂದನು. ಒಂಬೈನೂರು ಕಿಲೋಗ್ರಾಮಿಗೆ ಹತ್ತಿರವಾದ ಅದರ ತೂಕವನ್ನು ಬಾಯಲ್ಲಿಯೇ ಲೆಕ್ಕ ಹಾಕಿ, ಇಪ್ಪತ್ತೆರಡು ಸಾವಿರ ರೂಪಾಯಿ ಕೊಡುವೆನೆಂದೂ ವಿಜಯದಶಮಿಯ ಮರುದಿನ ಲಾರಿ ತರುವೆನೆಂದೂ ಹೇಳಿ ಹೋದನು. ಎಂಬತ್ತೈದು ವರ್ಷದ ನನ್ನ ತಾಯಿಯವರು ಜಗಲಿಯ ಮೇಲೆ ಕುಳಿತು ಇದೆಲ್ಲವನ್ನೂ ಕೇಳುತ್ತಿದ್ದರು. ಬೇಡವೆನ್ನಲಿಲ್ಲ. “ಅದನ್ನು ಎಲ್ಲಿಗೆ ಒಯ್ಯುತ್ತಾರೆ ಮಗಾ?” ಎಂದಷ್ಟೇ ಕೇಳಿದರು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಆ ಗಾಡಿಯು ಗುಜರಿಗೆ ಹೋಗಲಿಲ್ಲ. ಏಕೆ ಹೋಗಲಿಲ್ಲ, ಅದನ್ನು ಉಳಿಸುವಾಗ ನಾನೇನು ಕಲಿತೆ, ಎಂಬದನ್ನು ಗೃಹಸ್ಥರಾದ ವಾಚಕರ ಮುಂದಿಡುವದೇ ಈ ಲೇಖನದ ಉದ್ದೇಶವು. ಮನೆಯಲ್ಲಿ ಹಳೆಯ ಗಾಡಿಯಿಲ್ಲದವರೂ ಇದನ್ನು ಓದಬಹುದು. ಹಳೆಯ ವಸ್ತು ಯಾವದಾದರೊಂದು ಎಲ್ಲರ ಮನೆಯಲ್ಲಿಯೂ ಇದ್ದೇ ಇರುವದಷ್ಟೆ.

ಮೊದಲು ಗಾಡಿಯ ಕುಲಗೋತ್ರವನ್ನು ಹೇಳುವದು ಯುಕ್ತವು. ಹಿಂದುಸ್ಥಾನದಲ್ಲಿಯೇ ಮೋಟಾರು ಗಾಡಿಗಳು ತಯಾರಾಗಬೇಕೆಂದು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು ೧೯೩೦ರ ದಶಕದಲ್ಲಿಯೇ ಯೋಜನೆ ಹಾಕಿ ಬಹಳ ಪರಿಶ್ರಮಪಟ್ಟರು. ಅದೇ ಕನಸನ್ನು ಕಂಡ ಉದ್ಯಮಿ ವಾಲ್‌ಚಂದ್ ಹೀರಾಚಂದರು ೧೯೪೪ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಮುಂಬಯಿಯ ಕುರ್ಲಾದಲ್ಲಿ ಅದರ ಕಾರ್ಖಾನೆಯು ನಡೆಯಿತು. ಇಟಲಿಯ ಫಿಯಟ್ ಸಂಸ್ಥೆಯ ೧೧೦೦ ಎಂಬ ಮಾದರಿಯು ಅಲ್ಲಿ ೧೯೬೪ರಿಂದ ಹೊಸ ಮೈಕಟ್ಟಿನೊಡನೆ ಹೊರಬರತೊಡಗಿತು. ೧೯೭೪ರಲ್ಲಿ ಅದಕ್ಕೇ ‘ಪ್ರೀಮಿಯರ್ ಪದ್ಮಿನಿ’ಯೆಂಬ ಹೆಸರಾಯಿತು. ಪದ್ಮಿನಿಯೆಂದರೆ ತಾವರೆಯ ಬಳ್ಳಿ, ತಾವರೆಗೊಳ ಎಂದು ಅರ್ಥವಷ್ಟೆ. ೧೦೮೯ ಘನ ಸೆಂಟಿಮೀಟರಿನ ಯಂತ್ರ, ನಾಲ್ಕು ಬಾಗಿಲು, ಚುಕ್ಕಾಣಿಯ ಕಂಬಕ್ಕೇ ಜೋಡಿಸಿದ ಗೇರಿನ ಹಿಡಿ ಇವು ಅದರ ಲಕ್ಷಣಗಳು. ಹೆಸರು ನೋಂದಿಸಿ ವರ್ಷಾನುಗಟ್ಟಲೆ ಕಾದು ಜನರು ಅದನ್ನು ಪಡೆಯುತ್ತಿದ್ದ ಕಾಲವೊಂದಿತ್ತು. ೧೯೮೩ರ ಕೊನೆಗೆ ಮಾರುತಿ ಗಾಡಿಗಳು ಬಂದ ಮೇಲೆ ಅದರ ಪ್ರತಾಪವು ಕುಗ್ಗಿತು. ಈ ಶತಮಾನದ ಆರಂಭದ ಹೊತ್ತಿಗೆ ಅದರ ಉತ್ಪಾದನೆಯೂ ನಿಂತಿತು. ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಗಳಾಗಿ ಮಾತ್ರ ಅವು ಬಹುಕಾಲ ಓಡಿದವು. ೨೦೨೩ರ ಅಕ್ಟೋಬರ ಕೊನೆಗೆ ಅಲ್ಲಿಯ ಕಟ್ಟಕಡೆಯ ಪದ್ಮಿನಿ ಟ್ಯಾಕ್ಸಿಯೂ ರಸ್ತೆಯಿಂದ ಸರಿಯಿತು.

ನಮ್ಮ ಗಾಡಿಯೂ ಮುಂಬಯಿಯದೇ. ೧೯೮೪ರಲ್ಲಿ ನನ್ನ ತಂದೆಯವರು ಅಲ್ಲಿದ್ದ ಸಂಬಂಧಿಕರೊಬ್ಬರಿಂದ ಅದನ್ನು ಕೊಂಡು, ಅಂದು ೧೭ನೆಯ ಸಂಖ್ಯೆಯದಾಗಿದ್ದು ಈಗ ೬೬ನೆಯ ಸಂಖ್ಯೆಯದಾಗಿರುವ ಹೆದ್ದಾರಿಯಲ್ಲಿ ಏಳುನೂರು ಕಿಲೋಮೀಟರಿಗೂ ಮೀರಿದ ದಾರಿಯನ್ನು ಕ್ರಮಿಸಿ ತಂದರು. ಆಗ ನನಗೆ ಇಪ್ಪತ್ತು ವರ್ಷ. ಆ ದಿನಗಳಲ್ಲಿ ನಮ್ಮ ಕೇರಿಯಲ್ಲಿ ಬೇರೆ ಗಾಡಿಯಿರಲಿಲ್ಲ. ಹೀಗಾಗಿ ಅದು ನಮ್ಮದೆಂಬದಕ್ಕಿಂತ ಕೇರಿಯದೇ ಆಯಿತು. ಹೆರಿಗೆಯ ನೋವು ಬಂದವರು, ಹಾವು ಕಚ್ಚಿಸಿಕೊಂಡವರು, ದೋಣಿಯಲ್ಲಿ ಕೈ ಮುರಿದುಕೊಂಡವರು ಯಾವ ಜಾತಿ, ಯಾವ ಮತದವರೇ ಆಗಲಿ, ನಡುರಾತ್ರಿಯಲ್ಲಿ ಬಾಗಿಲು ತಟ್ಟಿದರೆ ತಂದೆಯವರು ಅಂಗಿಯನ್ನು ಹೆಗಲಿಗೆ ಹಾಕಿಕೊಂಡು ಎದ್ದು ಹೊರಡುತ್ತಿದ್ದರು. ಎಣ್ಣೆಯ ಹಣವನ್ನು ಯಾರಾದರೂ ಕೊಟ್ಟರೆ ಉಂಟು, ಇಲ್ಲವಾದರೆ ಇಲ್ಲ. ಗಾಡಿಯ ವಿಷಯದಲ್ಲಿ ಅವರದು ಒಂದೇ ಒಂದು ಕಟ್ಟಳೆಯಿತ್ತು. ಯಾರು ಹತ್ತಿದರೂ ಇಳಿದರೂ, “ಬಾಗಿಲು ಮೆಲ್ಲಗೆ ಹಾಕು” ಎಂದು ಹೇಳದೆ ಬಿಡುತ್ತಿರಲಿಲ್ಲ. ಅವರು ೨೦೦೬ರಲ್ಲಿ ತೀರಿಕೊಂಡರು.

ಇನ್ನು ನನ್ನ ಅಪರಾಧದ ಮಾತು. ೨೦೧೩ರ ಜೂನ್ ಮೊದಲ ವಾರದಲ್ಲಿ ನನ್ನ ಮಗಳ ಮದುವೆ. ಅಜ್ಜನ ಗಾಡಿಯಲ್ಲಿಯೇ ಮದುಮಗಳು ಹೋಗಬೇಕೆಂದು ಮನೆಯವರ ಆಸೆ. ಬಣ್ಣವೋ ಮಾಸಿತ್ತು, ಮಡ್‌ಗಾರ್ಡುಗಳ ಅಂಚಿನಲ್ಲಿಯೂ ಬಾಗಿಲುಗಳ ಕೆಳಗಿನ ಪಟ್ಟಿಯಲ್ಲಿಯೂ ತುಕ್ಕಿನ ಗುಳ್ಳೆಗಳೆದ್ದಿದ್ದವು. ಮೇ ತಿಂಗಳ ಕೊನೆಗೆ ಒಂದು ಗ್ಯಾರೇಜಿಗೆ ಒಯ್ದೆನು. “ತುಕ್ಕನ್ನು ಕಿತ್ತು ತಗಡು ಹಾಕಬೇಕಾದರೆ ಮೂರು ವಾರ ಬೇಕು” ಎಂದು ಅವರು ಸರಿಯಾಗಿಯೇ ಹೇಳಿದರು. ನನಗೆ ಸಮಯವೂ ಇರಲಿಲ್ಲ, ಮದುವೆಯ ಮನೆಯಲ್ಲಿ ಹಣವೂ ಇರಲಿಲ್ಲ. “ಕಾಣುವಷ್ಟನ್ನು ಮುಚ್ಚಿಬಿಡಿ” ಎಂದೆನು. ಅವರು ನಾನು ಹೇಳಿದಂತೆ ತುಕ್ಕಿನ ಮೇಲೆಯೇ ಪುಟ್ಟಿಯನ್ನು ಮೆತ್ತಿ, ಟಾಪು, ಬಾನೆಟ್ಟು, ಮಡ್‌ಗಾರ್ಡು, ಕೆಳಪಟ್ಟಿಗಳಿಗೆ ಬಣ್ಣ ಹೊಡೆದರು. ಬಾಗಿಲುಗಳಿಗೂ ಡಿಕ್ಕಿಗೂ ಹಣ ಸಾಲದೆ ಅವು ಹಾಗೆಯೇ ಉಳಿದವು. ಮದುವೆಯ ದಿನ ಗಾಡಿಯು ಫೋಟೋದಲ್ಲಿ ಚೆನ್ನಾಗಿಯೇ ಕಂಡಿತು. ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಹೊಸ ಬಣ್ಣವು ಹಪ್ಪಳದಂತೆ ಉಬ್ಬಿತು; ಆರನೆಯ ಮಳೆಗಾಲದ ಹೊತ್ತಿಗೆ ಕೆಳಪಟ್ಟಿಯಿಂದ ತುಕ್ಕು ಉದುರತೊಡಗಿತು. ನೋಡಲಾರದೆ ಗಾಡಿಯನ್ನು ಕೊಟ್ಟಿಗೆಗೆ ಸೇರಿಸಿ, ಮೇಲೊಂದು ಪ್ಲಾಸ್ಟಿಕ್ ತಾಡಪಾಲನ್ನು ಬಿಗಿದು ಕಟ್ಟಿಬಿಟ್ಟೆನು. ಇದು ಎರಡನೆಯ ತಪ್ಪು. ಗಾಳಿಯಾಡದ ತಾಡಪಾಲಿನ ಕೆಳಗೆ ತೇವವು ಹೊರಹೋಗದೆ ಬೆವರಿನಂತೆ ಮೈಮೇಲೆಯೇ ನಿಲ್ಲುವದೆಂದು ನನಗೆ ಆಗ ಹೊಳೆಯಲಿಲ್ಲ.

ಗುಜರಿಯವನು ಬಂದು ಹೋದ ಮೇಲೆ ಆಯುಧಪೂಜೆಯ ದಿನ ಬಂತು. ಹೋಗುವ ಗಾಡಿಗೂ ಒಂದು ಕುಂಕುಮ ಹಚ್ಚೋಣವೆಂದು ಅದನ್ನು ಹೊರಗೆ ತಳ್ಳಿಸಿ, ನಾನೇ ಒಂದು ಕೊಡ ನೀರು ಹೊಯ್ದೆನು. ಎಡಗಡೆಯ ಬಾಗಿಲಿನ ಮೇಲೆ ನೀರು ಹರಿದಲ್ಲೆಲ್ಲ ಬೂದಿಬಣ್ಣವು ಮಾಯವಾಗಿ ಹಳೆಯ ಕಡುನೀಲಿಯು ಕಾಣಿಸಿತು! ನೀರು ಆರಿದೊಡನೆ ಮತ್ತೆ ಬೂದಿ. ಇನ್ನೊಂದು ಕೊಡ ಹೊಯ್ದೆನು, ಮತ್ತೆ ನೀಲಿ. ಮಗನು ನನ್ನನ್ನು ನೋಡಿದನು, ನಾನು ಮಗನನ್ನು ನೋಡಿದೆನು. ಸಂಜೆಯೇ ಗುಜರಿಯವನಿಗೆ ಲಾರಿ ತರುವದು ಬೇಡವೆಂದು ಫೋನು ಮಾಡಿದನು, ನನ್ನ ಮಗನೇ.

ನಮ್ಮೂರಲ್ಲಿ ಗಾಡಿಗಳಿಗೆ ಬಣ್ಣ ಹೊಡೆಯುವ ಮೇಸ್ತ್ರಿಯೊಬ್ಬರಿದ್ದಾರೆ. ನನ್ನ ಹಳೆಯ ವಿದ್ಯಾರ್ಥಿ. ಹತ್ತನೆಯ ತರಗತಿಯನ್ನು ಮುಗಿಸಿ ಮುಂಬಯಿಗೆ ಹೋಗಿ, ಇದೇ ಪದ್ಮಿನಿ ಟ್ಯಾಕ್ಸಿಗಳಿಗೆ ಬಣ್ಣ ಹೊಡೆಯುತ್ತ ಕೆಲಸ ಕಲಿತು ಮರಳಿ ಬಂದವರು. ಅವರನ್ನು ಕರೆಸಿದೆನು. ಬಂದವರು ಮೊದಲು ಬಣ್ಣವನ್ನು ನೋಡಲೇ ಇಲ್ಲ. ಕಿಸೆಯಿಂದ ಒಂದು ಅಯಸ್ಕಾಂತವನ್ನು ತೆಗೆದು, ಗೀರು ಬೀಳದಿರಲೆಂದು ಬಟ್ಟೆಯಲ್ಲಿ ಸುತ್ತಿ, ಗಾಡಿಯ ಮೈಮೇಲೆಲ್ಲ ಹಿಡಿಯುತ್ತ ಹೋದರು. ಬಾಗಿಲುಗಳ ಮೇಲೆ ಅದು ಗಟ್ಟಿಯಾಗಿ ಅಂಟಿಕೊಂಡಿತು. ಮಡ್‌ಗಾರ್ಡಿನ ಕೆಳಭಾಗದಲ್ಲಿ ಹಿಡಿಯದೆ ಜಾರಿ ಕೈಗೆ ಬಿತ್ತು. “ಇಲ್ಲಿ ಕಬ್ಬಿಣವಿಲ್ಲ ಮಾಸ್ತರೇ, ಬರಿಯ ಪುಟ್ಟಿ” ಎಂದರು. ಅನಂತರ ಬೆರಳಿನ ಗೆಣ್ಣಿನಿಂದ ತಟ್ಟುತ್ತ ಬಂದರು. ಬಾಗಿಲು ಠಣ್ ಎಂದಿತು, ಕೆಳಪಟ್ಟಿಯು ಒಣ ಸೋರೆಬುರುಡೆಯಂತೆ ಮಂಕಾಗಿ ನುಡಿಯಿತು. ಕೊನೆಗೆ ಸ್ಕ್ರೂಡ್ರೈವರಿನ ತುದಿಯನ್ನು ಅಲ್ಲಿ ಒತ್ತಿದರೆ ಅದು ಒಳಕ್ಕೇ ಹೋಯಿತು.

ನಾನು ೨೦೧೩ರ ಕಥೆಯನ್ನು ಮುಚ್ಚಿಡದೆ ಹೇಳಿದೆನು. ಮೇಸ್ತ್ರಿಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ತಪ್ಪು ಬರೆದ ಮೇಲೆ ಅದಕ್ಕೆ ಮಸಿ ಬಳಿಯಬೇಡ, ಗೀಟು ಎಳೆದು ಕೆಳಗೆ ಸರಿಯಾಗಿ ಬರೆ, ಎಂದು ತಾವೇ ನಮಗೆ ಹೇಳುತ್ತಿದ್ದಿರಲ್ಲ ಮಾಸ್ತರೇ” ಎಂದರು. ಅವರು ಚೇಷ್ಟೆಗೆ ಹೇಳಿದ್ದಲ್ಲ. ಆದರೂ ಮೂವತ್ತು ವರ್ಷಗಳ ಹಿಂದೆ ನಾನು ಕೊಟ್ಟಿದ್ದ ಪಾಠವನ್ನು ನನಗೇ ಒಪ್ಪಿಸಿದಂತಾಯಿತು.

ಅಂದು ನಮಗೆ ತಿಳಿದ ವಿಚಿತ್ರವಾದ ಸಂಗತಿಯೇನೆಂದರೆ, ಹಣವಿಲ್ಲವೆಂದು ನಾನು ಮುಟ್ಟದೆ ಬಿಟ್ಟ ಬಾಗಿಲುಗಳೂ ಡಿಕ್ಕಿಯೂ ಬಣ್ಣ ಮಾಸಿದ್ದರೂ ಕಬ್ಬಿಣವನ್ನು ಕಾಪಾಡಿಕೊಂಡಿದ್ದವು. ನಾನು ಅಂದಗೊಳಿಸಿದ ಭಾಗಗಳೇ ಕೆಟ್ಟಿದ್ದವು. ಇದರ ಕಾರಣವನ್ನು ಸ್ವಲ್ಪ ವಿವರಿಸುವದು ಅವಶ್ಯವು.

ಬಣ್ಣವು ಮಾಸುವದು ಒಂದು ವ್ಯಾಧಿ, ಕಬ್ಬಿಣವು ತುಕ್ಕು ಹಿಡಿಯುವದು ಇನ್ನೊಂದು ವ್ಯಾಧಿ. ಬಣ್ಣದಲ್ಲಿ ವರ್ಣವನ್ನು ಕೊಡುವ ಹುಡಿಯೂ ಆ ಹುಡಿಯನ್ನು ಹಿಡಿದಿಡುವ ಅಂಟೂ ಇರುವವು. ಬಿಸಿಲಿನೊಳಗಿನ ನೇರಳಾತೀತ ಕಿರಣಗಳು ವರ್ಷಾನುವರ್ಷ ಬಡಿದು ಮೇಲ್ಪದರದ ಅಂಟನ್ನು ಒಡೆಯುತ್ತವೆ. ಆಗ ಹಿಡಿತ ತಪ್ಪಿದ ಹುಡಿಯು ಮೇಲೆ ಸಡಿಲಾಗಿ ನಿಲ್ಲುತ್ತದೆ. ಬೆಳಕು ಅಲ್ಲಿ ಚದರಿ ಕಣ್ಣಿಗೆ ಬೂದಿಯಂತೆ ಕಾಣುತ್ತದೆ. ನೀರು ಬಿದ್ದರೆ ಆ ಚದರುವಿಕೆಯು ತಗ್ಗಿ ಒಳಗಿನ ವರ್ಣವು ಕಾಣಿಸುವದು. ಆದಕಾರಣ ಒದ್ದೆಯಾದಾಗ ಯಾವ ಬಣ್ಣ ಕಾಣುವದೋ, ಹೆಚ್ಚು ಕಡಿಮೆ ಅದೇ ಬಣ್ಣವು ಉಜ್ಜಿದ ಮೇಲೆ ದೊರೆಯುವದು. ಆಯುಧಪೂಜೆಯ ದಿನ ನಾನರಿಯದೆ ಮಾಡಿದ್ದು ಈ ಪರೀಕ್ಷೆಯನ್ನೇ.

ಆದರೆ ಇದು ಎಲ್ಲ ಗಾಡಿಗಳಿಗೂ ಸಲ್ಲದು. ಅಮೇರಿಕೆಯ ಡ್ಯುಪಾಂಟ್ ಸಂಸ್ಥೆಯು ೧೯೨೩ರಲ್ಲಿ ‘ಡ್ಯೂಕೋ’ ಎಂಬ ಬೇಗನೆ ಆರುವ ಬಣ್ಣವನ್ನು ಮೋಟಾರು ಗಾಡಿಗಳಿಗಾಗಿ ತಂದಿತು. ಅದಕ್ಕೆ ಮೊದಲು ಒಂದು ಗಾಡಿಯ ಬಣ್ಣ ಮುಗಿಯಲು ವಾರಗಳೇ ಬೇಕಾಗುತ್ತಿದ್ದವು. ಆ ಹೆಸರು ನಮ್ಮ ಗ್ಯಾರೇಜುಗಳಲ್ಲಿ ಇಂದಿಗೂ ಬಾಯಲ್ಲಿರುವದು. ಹಳೆಯ ಗಾಡಿಗಳ ಬಣ್ಣದಲ್ಲಿ ವರ್ಣವೂ ಹೊಳಪೂ ಒಂದೇ ಪದರದಲ್ಲಿರುತ್ತಿದ್ದವು. ಈಗಿನ ಗಾಡಿಗಳಲ್ಲಿ ತೆಳುವಾದ ಬಣ್ಣದ ಮೇಲೆ ನೀರಿನಂತೆ ನಿರ್ವರ್ಣವಾದ ಹೊಳಪಿನ ಪದರವು ಬೇರೆಯೇ ಇರುವದು. ಅದು ಬಿಸಿಲಿಗೆ ಬಿಳಚಿ ಸುಲಿಯತೊಡಗಿದರೆ ಉಜ್ಜಿ ಪ್ರಯೋಜನವಿಲ್ಲ, ಮತ್ತೆ ಬಣ್ಣ ಹೊಡೆಯಿಸುವದೇ ಗತಿ. ನಮ್ಮ ಗಾಡಿ ಯಾವ ವರ್ಗದ್ದೆಂದು ತಿಳಿಯಲು, ಬಿಳಿಯ ಬಟ್ಟೆಗೆ ತುಸು ಪಾಲಿಶ್ ಹಚ್ಚಿ ಕಾಣದ ಮೂಲೆಯೊಂದರಲ್ಲಿ ಉಜ್ಜಬೇಕು. ಗಾಡಿಯ ಬಣ್ಣವೇ ಬಟ್ಟೆಗೆ ಹತ್ತಿದರೆ ಒಂದೇ ಪದರ. ಹತ್ತದಿದ್ದರೆ ಮೇಲೆ ಬೇರೆ ಪದರವಿದೆಯೆಂದು ತಿಳಿಯಬೇಕು.

ತುಕ್ಕಿನ ರೀತಿಯೇ ಬೇರೆ. ಅಮರಕೋಶದಲ್ಲಿ ಕಬ್ಬಿಣದ ಮಲಕ್ಕೆ ಮಂಡೂರವೆಂಬ ಹೆಸರಿರುವದು. ಮಲವೆಂಬ ಮಾತು ಬಹಳ ಸರಿಯಾದುದು, ಏಕೆಂದರೆ ಅದು ಹೊರಗಿನಿಂದ ಹತ್ತಿದ ಕೊಳೆಯಲ್ಲ, ಕಬ್ಬಿಣದೊಳಗಿನಿಂದಲೇ ಹುಟ್ಟಿದುದು. ಕಬ್ಬಿಣಕ್ಕೆ ನೀರೂ ಗಾಳಿಯೂ ಒಟ್ಟಿಗೆ ದೊರೆತರೆ ತುಕ್ಕು ಹುಟ್ಟುತ್ತದೆ. ಉಪ್ಪು ಸೇರಿದರೆ ಆ ಕ್ರಿಯೆಯು ಬಹಳ ವೇಗವಾಗುವದು. ನಮ್ಮ ಜಾಲಿಯಲ್ಲಿ ಸಮುದ್ರದ ಗಾಳಿಯೇ ಉಪ್ಪಿನ ಸೂಕ್ಷ್ಮ ಕಣಗಳನ್ನು ಹೊತ್ತು ತರುತ್ತದೆ. ಆ ಉಪ್ಪು ಗಾಳಿಯ ತೇವವನ್ನು ತಾನೇ ಎಳೆದುಕೊಳ್ಳುವದರಿಂದ ಮಳೆಯಿಲ್ಲದ ದಿನವೂ ತಗಡು ಒಣಗಿರುವದಿಲ್ಲ. ಅದರ ಮೇಲೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿದ ಮಳೆ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗವನ್ನು ಬೇಡುತ್ತದೆ; ಆದ್ದರಿಂದಲೇ ಮೇಲಿನ ಬಣ್ಣವನ್ನು ಗುಳ್ಳೆಯಾಗಿ ಎತ್ತುತ್ತದೆ. ಆ ಗುಳ್ಳೆಯ ಮೇಲೆ ಪುಟ್ಟಿ ಮೆತ್ತಿದರೆ ತೇವವೂ ಉಪ್ಪೂ ಒಳಗೇ ಸೆರೆಯಾಗಿ, ಕಣ್ಣಿಗೆ ಕಾಣದಂತೆ ಕಬ್ಬಿಣವನ್ನು ತಿನ್ನುತ್ತಿರುವವು. ನಾನು ೨೦೧೩ರಲ್ಲಿ ಮಾಡಿಸಿದ್ದು ಇದನ್ನೇ. ಬಾಗಿಲುಗಳ ಬಣ್ಣವಾದರೋ ಮೇಲ್ಪದರದಲ್ಲಿ ಸತ್ತಿದ್ದರೂ ಕೆಳಗೆ ಜೀವಂತವಾಗಿದ್ದು ತನ್ನ ಕಾವಲಿನ ಕೆಲಸವನ್ನು ಬಿಟ್ಟಿರಲಿಲ್ಲ.

ನಮ್ಮ ಪ್ರಾಚೀನ ಶಾಸನಗಳಲ್ಲಿ ದೇವಾಲಯಗಳಿಗೆ ದತ್ತಿ ಬಿಡುವಾಗ ‘ಖಂಡಸ್ಫುಟಿತ ಜೀರ್ಣೋದ್ಧಾರ’ಕ್ಕೆಂದು ಬರೆಯುವ ಪದ್ಧತಿಯಿತ್ತು. ತುಂಡಾದುದನ್ನು, ಬಿರಿದುದನ್ನು, ಜೀರ್ಣವಾದುದನ್ನು ಎಂದು ಅವರು ಬೇರೆ ಬೇರೆಯಾಗಿ ಹೆಸರಿಸಿದರು. ಎಲ್ಲವನ್ನೂ ಕೆಡವಿ ಹೊಸತು ಕಟ್ಟಲಿಕ್ಕೆಂದು ಬರೆಯಲಿಲ್ಲ. ಭಟ್ಕಳದಲ್ಲಿಯೇ ಇರುವ, ಕಲ್ಲುಚಪ್ಪಡಿಯ ಇಳಿಮಾಡಿನ ಕೇತಪೈ ನಾರಾಯಣ ದೇವಾಲಯವನ್ನು ನೋಡಿದವರಿಗೆ, ಇಂಥ ಮಳೆಯ ನಾಡಿನಲ್ಲಿ ಹದಿನಾರನೆಯ ಶತಮಾನದ ಕಟ್ಟಡವೊಂದು ನಿಂತಿರಬೇಕಾದರೆ ನಡುನಡುವೆ ಎಷ್ಟು ಕೈಗಳು ಅದನ್ನು ಕಾದಿರಬೇಕೆಂಬ ವಿಚಾರವು ಬಾರದಿರದು. ನಾನೂ ಮೇಸ್ತ್ರಿಗಳೂ ಒಂದು ಕಾಗದವನ್ನು ತೆಗೆದುಕೊಂಡು ಮೂರು ಸಾಲು ಬರೆದೆವು: ಕತ್ತರಿಸಿ ತೆಗೆಯಬೇಕಾದುದು, ಸುಲಿದು ಬಣ್ಣ ಹೊಡೆಯಬೇಕಾದುದು, ಉಜ್ಜಿ ಉಳಿಸಬೇಕಾದುದು. ಕೆಳಪಟ್ಟಿಗಳು, ಮಡ್‌ಗಾರ್ಡಿನ ಕೆಳಭಾಗ, ಕಾಲಿಡುವ ನೆಲದ ಒಂದು ಮೂಲೆ ಮೊದಲನೆಯ ಸಾಲಿಗೆ. ಟಾಪು, ಬಾನೆಟ್ಟು ಎರಡನೆಯದಕ್ಕೆ. ನಾಲ್ಕು ಬಾಗಿಲುಗಳು, ಡಿಕ್ಕಿ ಮೂರನೆಯದಕ್ಕೆ.

ಮಳೆ ಪೂರ್ಣವಾಗಿ ನಿಂತ ಮೇಲೆ, ನವೆಂಬರದಲ್ಲಿ ಕೆಲಸವು ಪ್ರಾರಂಭವಾಯಿತು. ಪುಟ್ಟಿಯನ್ನು ಕೆತ್ತಿ ತೆಗೆದಾಗ ಅದರ ಕೆಳಗೆ ತಗಡಿನ ಆಕಾರವಷ್ಟೇ ಇದ್ದಿತು, ತಗಡಿರಲಿಲ್ಲ. ಗಟ್ಟಿ ಕಬ್ಬಿಣ ಸಿಗುವವರೆಗೂ ಕತ್ತರಿಸುತ್ತ ಹೋಗಿ, ಅಲ್ಲಿಗೆ ಹೊಸ ತಗಡನ್ನು ಬಡಿದು ಬಗ್ಗಿಸಿ ವೆಲ್ಡಿಂಗ್ ಮಾಡಿದರು. ಬಾಗಿಲುಗಳ ಅಡಿಯಲ್ಲಿ ನೀರು ಹೊರಬೀಳಲೆಂದು ಸಣ್ಣ ತೂತುಗಳಿರುತ್ತವೆ. ಅವು ಮಣ್ಣು ಕಟ್ಟಿ ಮುಚ್ಚಿಹೋಗಿದ್ದವು. ಕಡ್ಡಿಯಿಂದ ಅವನ್ನು ಬಿಡಿಸಿದಾಗ ಒಂದು ಬಾಗಿಲಿನಿಂದ ಅರ್ಧ ಲೋಟ ನೀರು ಸುರಿಯಿತು. ಇನ್ನೆರಡು ವರ್ಷ ತಡೆದಿದ್ದರೆ ಆ ಬಾಗಿಲೂ ಒಳಗಿನಿಂದ ಹೋಗುತ್ತಿತ್ತು.

ಕೆರೆದು ತೆಗೆಯಲಾಗದ ಸಣ್ಣ ತುಕ್ಕಿನ ಕಲೆಗಳಿಗೆ ಮೇಸ್ತ್ರಿಗಳು ಒಂದು ದ್ರವವನ್ನು ಹಚ್ಚಿದರು. ಕೆಂಪಗಿದ್ದ ತುಕ್ಕು ನೋಡುನೋಡುತ್ತ ನೀಲಿಮಿಶ್ರ ಕಪ್ಪಾಯಿತು. ಅದರಲ್ಲೇನಿದೆಯೆಂದು ಡಬ್ಬಿಯನ್ನು ಓದಿದರೆ ‘ಟ್ಯಾನಿನ್’ ಎಂಬ ಒಗರಿನ ಸತ್ವ! ನಮ್ಮ ಹಿರಿಯರು ಅಣಲೆಕಾಯಿಯ ಕಷಾಯಕ್ಕೆ ಕಬ್ಬಿಣವನ್ನು ಸೇರಿಸಿ ಬರೆಯುವ ಮಸಿಯನ್ನು ಮಾಡುತ್ತಿದ್ದುದೂ ಇದೇ ಗುಣದಿಂದಲೇ. ಅಣಲೆಯ ಒಗರು ಕಬ್ಬಿಣದೊಡನೆ ಕೂಡಿ ಸ್ಥಿರವಾದ ಕಪ್ಪು ಸಂಯುಕ್ತವಾಗುವದು. ಆದರೆ ಇದು ತೆಳುವಾದ ತುಕ್ಕಿಗೆ ಮಾತ್ರ ಮದ್ದು. ಪದರವಾಗಿ ಏಳುವ ತುಕ್ಕಿಗೆ ಕೆತ್ತುವದರ ಹೊರತು ಬೇರೆ ಉಪಾಯವಿಲ್ಲ.

ಆಮೇಲೆ ತಗಡನ್ನು ಒರೆಸಿ, ಬೆತ್ತಲೆಯಾದ ಕಬ್ಬಿಣವು ಒಂದು ರಾತ್ರಿಯೂ ಗಾಳಿಗೆ ಬಿದ್ದಿರದಂತೆ ಅದೇ ದಿನ ಪ್ರೈಮರ್ ಹೊಡೆದರು. ಪುಟ್ಟಿಯನ್ನು ಈ ಸಲವೂ ಬಳಸಿದರು. ಆದರೆ ಶುದ್ಧವಾದ ತಗಡಿನ ಮೇಲೆ, ತಗ್ಗು ಸಮವಾಗುವಷ್ಟು ಮಾತ್ರ. ಪುಟ್ಟಿಯು ಸ್ವತಃ ಕೆಟ್ಟದ್ದಲ್ಲ. ಅದನ್ನು ಕಬ್ಬಿಣದ ಸ್ಥಾನದಲ್ಲಿ ಕೂಡ್ರಿಸಿದ್ದು ಕೆಟ್ಟದ್ದು. ಬಳಿಕ ೩೨೦ನೆಯ ವಾಟರ್ ಪೇಪರಿನಿಂದ ಮೊದಲಾಗಿ ನುಣುಪಾದ ಕಾಗದಗಳವರೆಗೆ, ನೀರು ಹಾಕುತ್ತಲೇ ಉಜ್ಜುವ ಕೆಲಸ. ಹಳೆಯ ಬಣ್ಣಗಳಲ್ಲಿ ಸೀಸವಿರುವ ಸಂಭವವುಂಟಾದ್ದರಿಂದ ಒಣಗಿದ್ದನ್ನು ಉಜ್ಜಿ ಧೂಳೆಬ್ಬಿಸುವದೂ ಮಕ್ಕಳನ್ನು ಹತ್ತಿರ ಬಿಡುವದೂ ಸಲ್ಲದು. ಬಣ್ಣವನ್ನು ಹೊಡೆಯುವಾಗ ಮೇಸ್ತ್ರಿಗಳು ಶೋಧಕವಿರುವ ಮುಖವಾಡವನ್ನು ಹಾಕಿಕೊಂಡು ನನ್ನನ್ನು ಹೊರಗೆ ಕಳಿಸಿದರು. ಹಾರ್ಡ್‌ನರ್ ಬೆರೆಸುವ ಈಗಿನ ಬಣ್ಣಗಳ ಆವಿಯು ಶ್ವಾಸಕೋಶಕ್ಕೆ ಬಹಳ ಅಪಾಯಕರವಾದುದು. ಮೂಗಿಗೆ ಬಟ್ಟೆ ಕಟ್ಟಿಕೊಂಡರೆ ಸಾಲದು.

ಯಾವ ಬಣ್ಣವೆಂಬ ವಿಷಯದಲ್ಲಿ ಮನೆಯಲ್ಲಿ ಸ್ವಲ್ಪ ಚರ್ಚೆಯಾಯಿತು. ಮಗನಿಗೆ ಕೆಂಪು ಬೇಕಾಗಿತ್ತು. ಗಾಡಿಯ ಬಣ್ಣವು ನೋಂದಣಿಯ ಪುಸ್ತಕದಲ್ಲಿ ದಾಖಲಾಗಿರುವದರಿಂದ, ಬದಲಿಸಿದರೆ ಸಾರಿಗೆ ಕಚೇರಿಗೆ ತಿಳಿಸಿ ತಿದ್ದಿಸಿಕೊಳ್ಳಬೇಕು. ಅದು ಆಗದ ಕೆಲಸವೇನಲ್ಲ. ನಾನು ಅಂಗಡಿಯ ಪಟ್ಟಿಯಲ್ಲಿದ್ದ, ಹೊಸದಾಗಿದ್ದಾಗ ಇದ್ದಿರಬಹುದಾದ ನೀಲಿಯನ್ನೇ ಆರಿಸಿದ್ದೆನು. ಮೇಸ್ತ್ರಿಗಳು ಇಬ್ಬರ ಮಾತನ್ನೂ ಕೇಳಿ, “ಮೊದಲು ಬಾಗಿಲು ಉಜ್ಜಿ ನೋಡೋಣ” ಎಂದರು. ಆ ಕೆಲಸವು ನನ್ನ ಪಾಲಿಗೆ ಬಂತು. ಬಾಗಿಲನ್ನು ಚೆನ್ನಾಗಿ ತೊಳೆದು, ಕಂಪೌಂಡನ್ನು ಹತ್ತಿಬಟ್ಟೆಗೆ ಹಚ್ಚಿ, ಅಂಗೈಯಗಲದ ಜಾಗವನ್ನಷ್ಟೇ ಹಿಡಿದು, ಹಗುರಾಗಿ ಉಜ್ಜುವದು. ಅಂಚುಗಳಲ್ಲಿ ಬಣ್ಣ ತೆಳುವಾಗಿರುವದರಿಂದ ಅಲ್ಲಿ ಕೈಯನ್ನು ಇನ್ನೂ ಹಗುರ ಮಾಡುವದು. ನಾಲ್ಕು ಬಾಗಿಲುಗಳಿಗೂ ಡಿಕ್ಕಿಗೂ ಆರು ದಿನಗಳು ಬೇಕಾದವು. ಬಟ್ಟೆಯೆಲ್ಲ ನೀಲಿಯಾಯಿತು. ಸತ್ತ ಪದರವು ಹೋದ ಮೇಲೆ ಹೊರಬಂದ ನೀಲಿಯು ಅಂಗಡಿಯ ಪಟ್ಟಿಯ ನೀಲಿಯಾಗಿರಲಿಲ್ಲ. ಅದಕ್ಕಿಂತ ಸ್ವಲ್ಪ ಮೆತ್ತಗಿನ, ನಲವತ್ತೈದು ಬೇಸಿಗೆಗಳನ್ನು ಕಂಡ ನೀಲಿ. ಮೇಸ್ತ್ರಿಗಳು ಬಿಸಿಲಿನಲ್ಲಿ ನಿಂತು, ಒಂದೊಂದು ಹನಿ ಕಪ್ಪನ್ನೂ ಬಿಳಿಯನ್ನೂ ಬೆರೆಸಿ, ತಗಡಿನ ತುಂಡಿಗೆ ಹಚ್ಚಿ ಒಣಗಿಸಿ ಬಾಗಿಲಿನ ಪಕ್ಕಕ್ಕೆ ಹಿಡಿಯುತ್ತ, ಏಳನೆಯ ಸಲಕ್ಕೆ ಅದೇ ನೀಲಿಯನ್ನು ಹಿಡಿದರು. ಹಳೆಯದನ್ನು ಹೊಸದಕ್ಕೆ ಹೊಂದಿಸಲಿಲ್ಲ, ಹೊಸದನ್ನು ಹಳೆಯದಕ್ಕೆ ಹೊಂದಿಸಿದರು. ಡಿಸೆಂಬರದ ಒಣ ಹವೆಯಲ್ಲಿ ಟಾಪಿಗೂ ಬಾನೆಟ್ಟಿಗೂ ಹೊಸ ತಗಡಿಗೂ ಆ ಬಣ್ಣವನ್ನು ಹೊಡೆದಾಯಿತು. ಈ ಕಾಲವನ್ನೇ ಆರಿಸಿದುದಕ್ಕೆ ಕಾರಣವುಂಟು. ತೇವದ ಹವೆಯಲ್ಲಿ ಹೊಡೆದರೆ, ಥಿನ್ನರ್ ಆರುವಾಗ ಮೈ ತಣ್ಣಗಾಗಿ, ಗಾಳಿಯ ತೇವವು ಅಲ್ಲಿಯೇ ಇಳಿದು ಬಣ್ಣಕ್ಕೆ ಬಿಳಿಯ ಮಬ್ಬು ಹಿಡಿಯುವದುಂಟು. ಕೆಳಗೆ ಸಿಕ್ಕಿಬಿದ್ದ ತೇವವು ಮುಂದೆ ಗುಳ್ಳೆಯಾಗುವದು. ಕರಾವಳಿಯವರು ಗಾಡಿಗೆ ಬಣ್ಣದ ಕೆಲಸವನ್ನು ಮಾಡಿಸುವದಾದರೆ ಡಿಸೆಂಬರದಿಂದ ಫೆಬ್ರುವರಿಯವರೆಗಿನ ದಿನಗಳೇ ಪ್ರಶಸ್ತವಾದವು.

ಖರ್ಚಿನ ಮಾತನ್ನು ಮುಚ್ಚಿಡುವದು ಸರಿಯಲ್ಲ. ಯಂತ್ರದ ದುರಸ್ತಿ, ಟಯರು, ಬೆಂಗಳೂರಿನ ಜೆ. ಸಿ. ರಸ್ತೆಯಿಂದ ಮಗನು ಹುಡುಕಿ ತಂದ ರಬ್ಬರು ಮೊದಲಾದ ಬಿಡಿಭಾಗಗಳು, ತಗಡಿನ ಕೆಲಸ, ಬಣ್ಣ ಎಲ್ಲ ಸೇರಿ ಒಂದು ಲಕ್ಷದ ನಲವತ್ತು ಸಾವಿರ ರೂಪಾಯಿಗಳಾದವು. ಅದರಲ್ಲಿ ಅರ್ಧಕ್ಕೂ ಹೆಚ್ಚು ೨೦೧೩ರಲ್ಲಿ ನಾನು ಉಳಿಸಿದೆನೆಂದುಕೊಂಡ ಹಣದ ಬಡ್ಡಿಯೆಂದೇ ಹೇಳಬೇಕು. ಮಾರಿದರೆ ಇಷ್ಟು ಹಣವು ಹಿಂದಕ್ಕೆ ಬಾರದು. ಧರ್ಮಸ್ಥಳದ ಕಾರುಗಳ ಸಂಗ್ರಹಾಲಯದಲ್ಲಿ ಬಹು ಹಳೆಯ ಗಾಡಿಗಳು ಕನ್ನಡಿಯಂತೆ ಹೊಳೆಯುತ್ತ ನಿಂತಿರುವದನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ಅವು ಮಳೆಗೆ ಬರಬೇಕಾಗಿಲ್ಲ, ನಮ್ಮದು ಬರಬೇಕು. ಮನೆಯ ಗಾಡಿಯ ಮೇಲೆ ಹಣ ಹಾಕುವವರು ಲಾಭವನ್ನೆಣಿಸಿ ಹಾಕಬಾರದು. ಮನೆಯ ಅಗತ್ಯಗಳನ್ನು ಕಡಿದು ಹಾಕುವದಂತೂ ಸರ್ವಥಾ ಕೂಡದು. ಕೆಳಗಿನ ಚೌಕಟ್ಟೇ ತುಕ್ಕಿನಿಂದ ಹೋಗಿದ್ದರೆ ಅದನ್ನು ಬೀಳ್ಕೊಡುವದೇ ವಿವೇಕವು. ಅಂಥ ಗಾಡಿಯು ಹತ್ತಿದವರ ಪ್ರಾಣಕ್ಕೆ ಎರವಾಗುವದು.

ಕೇಂದ್ರದ ೧೯೮೮ರ ಮೋಟಾರು ವಾಹನ ಕಾಯಿದೆಯಂತೆ ಸ್ವಂತದ ಗಾಡಿಯ ನೋಂದಣಿಯು ಹದಿನೈದು ವರ್ಷಗಳವರೆಗೆ ನಡೆಯುವದು. ಅನಂತರ ತಪಾಸಣೆಯಲ್ಲಿ ಉತ್ತೀರ್ಣವಾದರೆ ಐದೈದು ವರ್ಷಗಳಿಗೆ ಮುಂದುವರಿಯುವದು. ನಮ್ಮ ಗಾಡಿಯ ಅವಧಿಯು ೨೦೨೫ರ ಮಾರ್ಚಿಗೆ ಮುಗಿಯುವದಿತ್ತು. ಫೆಬ್ರುವರಿಯಲ್ಲಿ ಹೊನ್ನಾವರದ ಸಾರಿಗೆ ಕಚೇರಿಗೆ ಅದನ್ನು ನಾನೇ ನಡೆಸಿಕೊಂಡು ಹೋದೆನು. ಅಧಿಕಾರಿಗಳು ದೀಪ, ಬ್ರೇಕು, ಹೊಗೆಯ ಪ್ರಮಾಣಪತ್ರ, ನಂಬರು ಎಲ್ಲವನ್ನೂ ನೋಡುತ್ತಿರುವಾಗ, ಆಯುಷ್ಯವೆಲ್ಲ ಪರೀಕ್ಷೆ ನಡೆಸಿದ ನಾನು ಒಂದು ಮರದ ಕೆಳಗೆ ಕೈಕಟ್ಟಿಕೊಂಡು ವಿದ್ಯಾರ್ಥಿಯಂತೆ ನಿಂತಿದ್ದೆನು. ಗಾಡಿಯು ಉತ್ತೀರ್ಣವಾಯಿತು.

ಮರುದಿನ ತಾಯಿಯವರನ್ನು ಜಾಲಿಯ ಕಡಲತೀರದವರೆಗೆ ಕರೆದುಕೊಂಡು ಹೋದೆನು. ಅವರ ಕಣ್ಣು ಈಗ ಮಂದ. ಬಣ್ಣವು ಎಷ್ಟು ಕಂಡಿತೋ ತಿಳಿಯದು. ಕೈಯಿಂದ ಬಾಗಿಲನ್ನು ತಡವಿ, ಹಿಡಿಯನ್ನು ತಾವೇ ಹುಡುಕಿಕೊಂಡು ತೆರೆದು, ತಮ್ಮ ಹಳೆಯ ಜಾಗದಲ್ಲಿ ಕುಳಿತರು. ನಾನು ಹೊರಗಿನಿಂದ ಬಾಗಿಲನ್ನು ಹಾಕುವಷ್ಟರಲ್ಲಿ, “ಮೆಲ್ಲಗೆ ಹಾಕು ಮಗಾ” ಎಂದರು. ಹದಿನೆಂಟು ವರ್ಷಗಳಿಂದ ಆ ಮಾತನ್ನು ಯಾರೂ ಆಡಿರಲಿಲ್ಲ.

ಈಗ ಗಾಡಿಯು ಕೊಟ್ಟಿಗೆಯಲ್ಲಿಯೇ ಇರುವದು. ಆದರೆ ತಾಡಪಾಲನ್ನು ಕಿತ್ತೊಗೆದಿದ್ದೇನೆ. ಮಾಡಿನ ಹೆಂಚುಗಳನ್ನು ಸರಿಪಡಿಸಿ, ಮಗ್ಗುಲುಗಳಿಗೆ ಗಾಳಿಯಾಡುವಂತೆ ಬಿದಿರಿನ ತಟ್ಟಿ ಕಟ್ಟಿಸಿದ್ದೇನೆ. ವಾರಕ್ಕೊಮ್ಮೆ ಸಿಹಿನೀರಿನಿಂದ ಗಾಡಿಯ ಹೊಟ್ಟೆಯ ಅಡಿಯನ್ನೂ ಚಕ್ರದ ಗೂಡುಗಳನ್ನೂ ತೊಳೆದು ಉಪ್ಪನ್ನು ಕಳೆಯುವದು, ಮಳೆಗಾಲಕ್ಕೆ ಮೊದಲು ಬಾಗಿಲಡಿಯ ತೂತುಗಳನ್ನು ಬಿಡಿಸುವದು, ಮೂರು ತಿಂಗಳಿಗೊಮ್ಮೆ ಮೇಣದ ಪಾಲಿಶ್ ಹಚ್ಚುವದು, ಇಷ್ಟೇ ಅದರ ನಿತ್ಯನೈಮಿತ್ತಿಕ ಕರ್ಮಗಳು. ಗುಳ್ಳೆಯೊಂದು ಎದ್ದರೆ ಅದು ಕಾಳಿನಷ್ಟಿರುವಾಗಲೇ ಕೆತ್ತಿ ನೋಡಬೇಕೆಂದೂ, ಯಾವ ಮದುವೆಯೇ ಇರಲಿ, ಮೇಲೆ ಮುಚ್ಚಬಾರದೆಂದೂ ಮನೆಯವರಿಗೆಲ್ಲ ಹೇಳಿಟ್ಟಿದ್ದೇನೆ. ಡಿಕ್ಕಿಯ ಒಳಮೈಯಲ್ಲಿ ಅಂಗೈಯಷ್ಟು ಜಾಗವನ್ನು ಮಾತ್ರ ಉಜ್ಜದೆ, ಬೂದಿಬಣ್ಣದಲ್ಲಿಯೇ ಬಿಡಿಸಿದ್ದೇನೆ. ಮುಂದೆ ಇದನ್ನು ನೋಡಿಕೊಳ್ಳುವವರಿಗೆ ಇದು ಯಾವ ಸ್ಥಿತಿಯಿಂದ ಎದ್ದು ಬಂತೆಂಬದು ತಿಳಿದಿರಲಿ. ೨೦೩೦ರಲ್ಲಿ ಅದಕ್ಕೆ ಮತ್ತೊಮ್ಮೆ ತಪಾಸಣೆಯುಂಟು. ಹೊನ್ನಾವರಕ್ಕೆ ಅದನ್ನು ನಾನು ನಡೆಸಿಕೊಂಡು ಹೋಗುವೆನೋ ಮಗನು ನಡೆಸಿಕೊಂಡು ಹೋಗುವನೋ ಭಗವಂತನೇ ಬಲ್ಲನು; ಆದರೆ ಗೇರಿನ ಹಿಡಿಯನ್ನು ಚುಕ್ಕಾಣಿಯ ಕಂಬದಲ್ಲಿ ಹುಡುಕುವದನ್ನು ಮಗನು ಈಗಾಗಲೇ ಕಲಿಯತೊಡಗಿದ್ದಾನೆ.